ಬಯಲೂರಿನ ಕೌದಿ

ಬಯಲೂರು ಎಂಬ ಆಟದಲ್ಲಿ ನಾನು ಕೈಯಾರೆ ಹೊಸೆದ ಮೊದಲ ವಸ್ತು ಒಂದು ಹಗ್ಗ. ಅದನ್ನು ಹಗ್ಗವೆಂದು ಕರೆಯಲು ಆ ಆಟಕ್ಕೇ ಮನಸ್ಸು ಬರಲಿಲ್ಲ. ‘ಗಂಟುಬಿದ್ದ ನಾರು’ ಎಂದು ಹೆಸರಿಟ್ಟು ನನ್ನ ಚೀಲಕ್ಕೆ ಹಾಕಿತು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ವೀರ, ಮೈಮೇಲೆ ಬೆಳ್ಳಿಯ ಕವಚ, ಬೆನ್ನಿಗೆ ನನ್ನಷ್ಟೇ ಎತ್ತರದ ಕತ್ತಿ, ನಿಂತು ನನ್ನ ಅವಸ್ಥೆ ನೋಡಿದ. ಆಮೇಲೆ ಒಂದು ಸೇಬುಹಣ್ಣು ಕೈಗಿಟ್ಟು ಮುಂದೆ ಹೋದ. ಭಿಕ್ಷುಕ ಎಂದುಕೊಂಡಿರಬೇಕು.

ನಾನು ಭಿಕ್ಷುಕನಲ್ಲ. ಹೆಸರು ಚನ್ನವೀರ, ಬೆಟಗೇರಿಯಲ್ಲಿ ಖಾನಾವಳಿ ನಡೆಸುತ್ತೇನೆ. ನನ್ನ ಕೈಗೆ ಬರುವ ವಿದ್ಯೆ ಒಂದೇ, ಜೋಳದ ರೊಟ್ಟಿ ಬಡಿಯುವುದು. ಕೂದಲು ನೆರೆಯುವ ವಯಸ್ಸಿನಲ್ಲಿ, ಲಕ್ಷಾಂತರ ಜನ ಕೂಡಿ ಆಡುವ ಒಂದು ಆಟದೊಳಗೆ ಹೊಕ್ಕು, ಇಲ್ಲದ ಗಿಡದಿಂದ ಇಲ್ಲದ ನಾರು ಕಿತ್ತು ಹೊಸೆಯುತ್ತ ಕೂತದ್ದು ನನ್ನ ಹೆಂಡತಿಗಾಗಿ. ಅವಳಿಗೆ ಒಂದು ಕೌದಿ ಬೇಕಿತ್ತು. ಅವಳಿರುವಲ್ಲಿಗೆ ಬಸ್ಸೂ ಇಲ್ಲ, ಪೋಸ್ಟೂ ಇಲ್ಲ.

ನೀಲಾಂಬಿಕೆ ‘ದೂರತೀರ’ ಎಂಬ ನೌಕೆಯ ಎಂಜಿನಿಯರು. ಶನಿಯ ಒಂದು ಚಂದ್ರನಲ್ಲಿ ಮಂಜುಗಡ್ಡೆಯ ಕೆಳಗೆ ಸಮುದ್ರ ಇದೆಯಂತೆ, ಅದನ್ನು ನೋಡಿ ಬರಲು ಹೊರಟವರಲ್ಲಿ ಅವಳೂ ಒಬ್ಬಳು. ಮದುವೆಗೆ ಮುಂಚೆ ಅವಳು ನನ್ನ ಗಿರಾಕಿ. ಪಲ್ಯಕ್ಕೆ ಉಪ್ಪು ಸಾಲದೆಂದು ಜಗಳಕ್ಕೆ ಬಂದಳು, ಜಗಳ ಮುಗಿಯಲಿಲ್ಲ, ಕೊನೆಗೆ ಮದುವೆಯೇ ಆಗಬೇಕಾಯಿತು. ಹೋಗುತ್ತೇನೆ ಎಂದಾಗ ನಾನು ಬೇಡ ಅನ್ನಲಿಲ್ಲ. ಅಂದಿದ್ದರೆ ಅವಳು ನಿಲ್ಲುತ್ತಿರಲಿಲ್ಲ. ನಿಂತಿದ್ದರೂ ಅವಳು ಮೊದಲಿನ ನೀಲಾ ಆಗಿ ಉಳಿಯುತ್ತಿರಲಿಲ್ಲ. ಆದರೆ ಅವಳು ಹೋದಾಗಿನಿಂದ ಅವಳು ಬೇಕು ಎನಿಸದ ಹೊತ್ತೇ ನನಗಿಲ್ಲ. ಇದನ್ನು ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ.

ಮೊದಮೊದಲು ಮಾತು ಸಲೀಸಾಗಿತ್ತು. ನೌಕೆ ದೂರವಾದಂತೆ ಉತ್ತರ ತಡವಾಗತೊಡಗಿತು. ‘ಉಂಡ್ಯಾ?’ ಎಂದು ಕೇಳಿ, ಒಂದು ಪಂಕ್ತಿ ಗಿರಾಕಿಗಳಿಗೆ ಬಡಿಸಿ, ತಾಟು ಎತ್ತಿ, ಮತ್ತೊಂದು ಪಂಕ್ತಿ ಕೂರಿಸಿದ ಮೇಲೆ ‘ಉಂಡೆ, ನೀವು?’ ಎಂದು ಬರುತ್ತಿತ್ತು. ಕೊನೆಗೆ ನಮ್ಮ ನಡುವಿನ ಸಂಪರ್ಕದ ಎಳೆ ಇನ್ನೂ ತೆಳುವಾಗಿ ದನಿಯೂ ನಿಂತು, ಬರೀ ಅಕ್ಷರ ಉಳಿಯಿತು. ಅಕ್ಷರದಲ್ಲಿ ನೀಲಾ ಯಾವಾಗಲೂ ಚೆನ್ನಾಗಿಯೇ ಇರುತ್ತಿದ್ದಳು.

ಗದಗಿನಿಂದ ಕಪ್ಪತಗುಡ್ಡದ ಕಡೆಗೆ ಹೋಗುವ ಬಸ್ಸು ಗಾಳಿಯಂತ್ರಗಳ ಸಾಲು ದಾಟಿದ ಮೇಲೆ ಒಂದು ಬಯಲು ಬರುತ್ತದೆ. ಅಲ್ಲಿ ಭಾರಿ ಬೋಗುಣಿಗಳು ಆಕಾಶಕ್ಕೆ ಬಾಯಿ ತೆರೆದು ನಿಂತಿವೆ. ನೌಕೆಯೊಂದಿಗೆ ಮಾತಾಡುವ ಕೇಂದ್ರ ಅದೇ. ಯಾತ್ರಿಗಳ ಮನೆಯವರನ್ನು ನೋಡಿಕೊಳ್ಳಲು ಅಲ್ಲಿ ತಸ್ನೀಮ್ ಹವಾಲ್ದಾರ ಎಂಬ ಹುಡುಗಿ ಇದ್ದಾಳೆ, ಲಕ್ಷ್ಮೇಶ್ವರದವಳು. ಒಂದು ದಿನ ಅವಳೇ ಫೋನು ಮಾಡಿ ಕರೆಸಿದಳು.

“ಅಣ್ಣಾರ, ಒಂದ್ ಮಾತು ಹೇಳ್ತೀನಿ, ಗಾಬರಿ ಆಗಬ್ಯಾಡ್ರಿ,” ಎಂದಳು.

ಗಾಬರಿ ಆಗಬೇಡಿ ಎಂದು ಶುರುವಾದ ಮಾತಿಗೆ ಗಾಬರಿಯಾಗದೆ ಕೂತವರನ್ನು ನಾನಿನ್ನೂ ಕಂಡಿಲ್ಲ.

“ನೀಲಕ್ಕಾರಿಗೆ ನಿದ್ದಿ ಬರವಲ್ದು.”

“ಇಷ್ಟ ಏನು? ಆಕಿ ಇಲ್ಲಿದ್ದಾಗೂ ಸರಿಯಾಗಿ ಮಲಗತಿರಲಿಲ್ಲ ಬಿಡ್ರಿ,” ಎಂದು ನಾನು ನಕ್ಕೆ. ತಸ್ನೀಮ್ ನಗಲಿಲ್ಲ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ವಿವರಿಸಿದಳು.

ನೌಕೆಯ ದಾರಿ ವರ್ಷಗಟ್ಟಲೆಯದು. ನಡುವಿನ ಉದ್ದದ ದಾರಿಯನ್ನು ಎಲ್ಲರೂ ಮಲಗಿಯೇ ಕಳೆಯಬೇಕು. ಯಂತ್ರವೊಂದು ಅವರ ಉಸಿರು, ರಕ್ತ ಎಲ್ಲವನ್ನೂ ನಿಧಾನ ಮಾಡಿ ಕಾಯುತ್ತದೆ. ಆದರೆ ಆ ಯಂತ್ರ ಯಾರನ್ನೂ ಬಲವಂತಕ್ಕೆ ಮಲಗಿಸುವಂತಿಲ್ಲ. ಔಷಧಿ ಕೊಟ್ಟು ಕೆಡವಿದ ನಿದ್ದೆಯನ್ನು ಅಷ್ಟು ಕಾಲ ಎಳೆದರೆ ಮಿದುಳು ಕೆಡುತ್ತದೆ. ನಿದ್ದೆ ತಾನಾಗಿ ಬರಬೇಕು, ಆಳವಾಗಿ ಬರಬೇಕು. ಬಂದದ್ದೇ ತಡ, ಯಂತ್ರ ಅದರ ತುದಿ ಹಿಡಿದು ಉದ್ದಕ್ಕೆ ಎಳೆದುಕೊಂಡು ಹೋಗುತ್ತದೆ. ಉಳಿದವರೆಲ್ಲ ಒಬ್ಬೊಬ್ಬರಾಗಿ ಮಲಗಿಯಾಗಿತ್ತು. ನೀಲಾ ಮಾತ್ರ ಕಣ್ಣು ಮುಚ್ಚಿದ ಸ್ವಲ್ಪ ಹೊತ್ತಿಗೇ ಬೆಚ್ಚಿ ಏಳುತ್ತಿದ್ದಳು. ಅಷ್ಟು ದೊಡ್ಡ ನೌಕೆಯಲ್ಲಿ ಎಚ್ಚರವಾಗಿದ್ದವಳು ಅವಳೊಬ್ಬಳೇ.

“ಮಲಗಲಿಲ್ಲ ಅಂದ್ರ?” ಎಂದೆ.

“ಎಚ್ಚರಿದ್ದವರಿಗೆ ಪೂರಾ ದಾರಿಗೆ ಸಾಲೂವಷ್ಟು ಊಟ ಆ ನೌಕಾದಾಗ ಇಲ್ರಿ,” ಎಂದಳು ತಸ್ನೀಮ್, ನೆಲ ನೋಡುತ್ತ.

ಇನ್ನೊಂದು ತೊಡಕೂ ಇತ್ತು. ಭೂಮಿ ಸುತ್ತುತ್ತ ಸುತ್ತುತ್ತ, ಸ್ವಲ್ಪ ದಿನದಲ್ಲಿ ನಮಗೂ ನೌಕೆಗೂ ನಡುವೆ ಸೂರ್ಯ ಬರುವುದರಲ್ಲಿದ್ದ. ಅವನು ಸರಿದುಹೋಗುವ ತನಕ ಒಂದಕ್ಷರವೂ ಆಚೆ ಈಚೆ ಆಗುವಂತಿರಲಿಲ್ಲ. ಮಾಡುವುದೇನಿದ್ದರೂ ಅಷ್ಟರೊಳಗೆ ಮಾಡಬೇಕಿತ್ತು. ಏನು ಬೇಕೆಂದು ವೈದ್ಯರು ಕೇಳಿದ್ದಕ್ಕೆ ನೀಲಾ ಒಂದೇ ಸಾಲು ಬರೆದಿದ್ದಳಂತೆ: ಮನಿ ಕೌದಿ ಇದ್ದಿದ್ರ ಮಲಗ್ತಿದ್ದೆ.

ಆ ಕೌದಿ ಅವಳ ಅವ್ವನ ಹಳೇ ಸೀರೆಗಳದ್ದು, ಪದರ ಮೇಲೆ ಪದರ ಹಾಕಿ ಹೊಲಿದದ್ದು. ಎಳೆ ಉದುರುವ ಬಟ್ಟೆ ನೌಕೆಯೊಳಗೆ ಕೂಡದೆಂದು ಬಿಟ್ಟುಹೋಗಿದ್ದಳು. ನಾನು ದಿನಾ ಹೊದ್ದುಕೊಳ್ಳುತ್ತಿದ್ದದ್ದು ಅದನ್ನೇ. ಆ ಸಾಲು ಓದಿದಾಗ ನನಗೆ ಕಳ್ಳತನ ಮಾಡಿದ ಹಾಗೆ ಅನಿಸಿತು.

“ಕೌದಿ ಕಳಸಾಕ ಆಗಂಗಿಲ್ರಿ ಅಣ್ಣಾರ,” ಎಂದಳು ತಸ್ನೀಮ್. “ಆದ್ರ ಕೌದಿ ಹೊಲಿದ ಕೈ ಕಳಸಬಹುದು.”

ಹಾಗೆ ಬಯಲೂರಿನ ವಿಷಯ ಬಂತು. ಈ ಆಟದ ಇನ್ನೊಂದು ಪ್ರತಿ ನೌಕೆಯಲ್ಲೂ ಇದೆ, ಯಾತ್ರಿಗಳ ಬೇಸರ ಕಳೆಯಲಿ ಎಂದು ಇಟ್ಟದ್ದು. ಅದೇ ಬೀದಿ, ಅದೇ ಬಜಾರು, ಅದೇ ಹೊಳೆ. ಜನ ಮಾತ್ರ ಇಲ್ಲ. ಕೈಗೆ ಗವಸು ತೊಟ್ಟು ಇಲ್ಲಿ ಒಬ್ಬರು ಏನಾದರೂ ಮಾಡಿದರೆ, ಬೆರಳು ಎಲ್ಲಿ ಬಿಗಿಯಿತು, ಎಲ್ಲಿ ಸಡಿಲಾಯಿತು, ಎಲ್ಲಿ ತಡೆದು ನಿಂತಿತು, ಇಷ್ಟೂ ಆ ವಸ್ತುವಿನಲ್ಲಿ ಉಳಿಯುತ್ತದೆ. ಅದು ಸಣ್ಣ ಪೊಟ್ಟಣ, ಎಂಥ ತೆಳುವಾದ ಎಳೆಯ ಮೇಲೂ ದಾಟುತ್ತದೆ. ಆಚೆಯವರು ಗವಸು ತೊಟ್ಟು ಅದನ್ನು ಸವರಿದರೆ ಈಚೆಯವರ ಕೈಯೇ ತಾಗುತ್ತದೆ. ಒಬ್ಬರಿಗೊಬ್ಬರು ಅಲ್ಲಿ ಸಿಗುವಂತಿಲ್ಲ, ಎರಡೂ ಬೇರೆ ಬೇರೆ ಬಯಲೂರು. ವಸ್ತು ಮಾತ್ರ ಎರಡೂ ಕಡೆ ಇರುತ್ತದೆ. ಅಲ್ಲಿ ಅದಕ್ಕೆ ಏನಾದರೂ ಆದರೆ, ಮುಂದಿನ ಸಲ ಎಳೆ ಕೂಡಿದಾಗ ಇಲ್ಲೂ ಹಾಗೇ ಆಗುತ್ತದೆ.

“ಬಜಾರದಾಗ ಒಂದು ಕೊಂಡು ಕಳಿಸಿದ್ರ ಆಗತಿತ್ತಲ್ರಿ?” ಎಂದು ನಾನು ವ್ಯಾಪಾರಿಯ ಬುದ್ಧಿ ತೋರಿಸಿದೆ.

“ಅವು ಆಟಾನ ಮಾಡಿದ್ದು. ಮುಟ್ಟಿದ್ರ ಗಾಜು ಮುಟ್ಟಿದಂಗ. ನೀವ ಹೊಲಿಬೇಕು.”

ಹೊಲಿಯಬೇಕೆಂದರೆ ಬಯಲೂರಿನಲ್ಲಿ ಮೊದಲು ದರ್ಜಿ ಆಗಬೇಕು. ಹೊಸದಾಗಿ ಹೋದವನಿಗೆ ಊರಬಾಗಿಲಲ್ಲಿ ಆಟ ಒಂದು ಚಾಕು ಕೊಟ್ಟು, ನಿನ್ನ ಕಸುಬು ಯಾವುದು ಎಂದು ಕೇಳುತ್ತದೆ. ನಾನು ಯೋಚನೆಯನ್ನೂ ಮಾಡದೆ, ಇದ್ದದ್ದನ್ನು ಇದ್ದ ಹಾಗೆ ‘ಅಡುಗೆ’ ಎಂದೆ. ಕೈಗೊಂದು ಸೌಟು ಬಂತು. ಖುಷಿಯಾಗಿ ಎರಡು ದಿನ ಗೆಣಸು ಬೇಯಿಸಿದೆ. ತಸ್ನೀಮ್ ಫೋನಿನಲ್ಲಿ ತಲೆ ಚಚ್ಚಿಕೊಂಡಳು. ಕಸುಬು ಬಿಡಬೇಕಾದರೆ ಗಳಿಸಿದ್ದೆಲ್ಲ ಒಪ್ಪಿಸಿ ಮೊದಲಿಂದ ಶುರುಮಾಡಬೇಕು. ಸೌಟು ಒಪ್ಪಿಸಿ, ಬೇಲಿಯ ಮಗ್ಗುಲಲ್ಲಿ ಕೂತು ನಾರು ಕೀಳತೊಡಗಿದೆ. ನಾರಿನಿಂದ ಹಗ್ಗ, ಹಗ್ಗ ಬಂದವನಿಗೆ ಗೋಣಿ, ಗೋಣಿ ಬಂದವನಿಗೆ ದಿಂಬು, ದಿಂಬು ಬಂದವನಿಗೆ ಹೊದಿಕೆ. ಮೆಟ್ಟಿಲು ಹಾರಿ ಹೋಗಲು ದಾರಿಯಿಲ್ಲ.

ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಖಾನಾವಳಿಯ ಹಿಂದಿನ ಕೋಣೆಯಲ್ಲಿ ಕೂತು ಗವಸು ತೊಡುತ್ತಿದ್ದೆ. ಹಗ್ಗ ನೆಟ್ಟಗಾಗಲು ಬಹಳ ದಿನ ಹಿಡಿಯಿತು. ಗಿರಾಕಿಗಳಿಗೆ ಸುದ್ದಿ ತಿಳಿದು, ರೊಟ್ಟಿ ತಡವಾದರೆ “ಸಾವ್ಕಾರ್ರು ಬಯಲೂರಿಗೆ ಹೋಗ್ಯಾರೇನು?” ಎಂದು ಕೆಣಕುವುದು ಶುರುವಾಯಿತು. ಹೋಗ್ಯಾರ ಎಂದು ನಾನೇ ಒಳಗಿನಿಂದ ಕೂಗುತ್ತಿದ್ದೆ.

ಹೊಲಿಗೆ ಕಲಿಸಲು ಅತ್ತೆ ಬಂದರು. ನೀಲಾಳ ತಾಯಿ ಬಸಲಿಂಗವ್ವ, ಕೌದಿ ಹೊಲಿಯುವುದರಲ್ಲಿ ಓಣಿಗೆಲ್ಲ ಹೆಸರಾದವರು. ಈಗ ಬೆರಳ ಗೆಣ್ಣು ಬಾತು ಸೂಜಿ ನಿಲ್ಲುವುದಿಲ್ಲ, ಆ ಗವಸಂತೂ ಅವರ ಕೈಗೆ ಏರಲೇ ಇಲ್ಲ. ನೆಲದ ಮೇಲೆ ನಿಜವಾದ ಹಳೇ ಸೀರೆ ಹಾಸಿ, ನನ್ನನ್ನು ಎದುರಿಗೆ ಕೂರಿಸಿಕೊಂಡು, ಅಂಚಿನಿಂದ ನಡುವಿನ ಕಡೆಗೆ ಸಾಲು ಹಾಕಿಸುತ್ತಿದ್ದರು. ಇಲ್ಲಿ ಕಲಿತದ್ದನ್ನು ನಾನು ಅಲ್ಲಿ ಹೋಗಿ ಮಾಡಬೇಕು.

“ಅಳಿಯಂದಿರ, ಸೂಜಿ ಹಿಡದೀರೋ, ಸೌಟು ಹಿಡದೀರೋ?”

“ಸೂಜೀನ ಹಿಡದೇನ್ರಿ ಅತ್ತಿ.”

“ಹಂಗಾರ ಅದನ್ನ ಬಟ್ಟಿಗೆ ಚುಚ್ರಿ, ಬೆರಳಿಗಲ್ಲ.”

ಬೈಯುತ್ತಲೇ ಇದ್ದರು, ಬೈಯುತ್ತ ಬೈಯುತ್ತ ಒಮ್ಮೊಮ್ಮೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಊಟ ಸಾಲುವುದಿಲ್ಲ ಎಂಬ ಮಾತನ್ನು ನಾನು ಅವರಿಗೆ ಹೇಳಿರಲಿಲ್ಲ. ಮಗಳಿಗೆ ನಿದ್ದೆ ಇಲ್ಲ ಎನ್ನುವುದಷ್ಟೇ ಅವರಿಗೆ ಸಾಕಾಗಿತ್ತು.

ಬಯಲೂರಿನಲ್ಲಿ ನೀಲಾಳದ್ದೊಂದು ಮನೆ ಇತ್ತು, ಹೊಳೆಯ ದಂಡೆಗೆ. ಅವಳು ತನ್ನ ಕಡೆ ಕಟ್ಟಿಕೊಂಡದ್ದು ನನ್ನ ಕಡೆಯೂ ಕಾಣುತ್ತಿತ್ತು. ದಿನದ ಕೆಲಸ ಮುಗಿಸಿ ನಾನು ಅಲ್ಲಿಗೆ ಹೋಗುತ್ತಿದ್ದೆ. ಒಂದು ಮಂಚ, ಒಂದು ದೀಪ, ಕೂರಲು ಒಂದು ಮಣೆ. ಎಳೆ ಕೂಡಿದಾಗಲೆಲ್ಲ ಮಣೆಯ ಜಾಗ ಬದಲಾಗಿರುತ್ತಿತ್ತು. ಒಳಗಿದ್ದದ್ದು ಹೊಸ್ತಿಲಿಗೆ ಬಂದಿದ್ದರೆ, ಅವಳು ಹೊಸ್ತಿಲಲ್ಲಿ ಕೂತು ಯಾರೂ ಇಲ್ಲದ ಬೀದಿ ನೋಡಿದ್ದಾಳೆ ಎಂದು ಅರ್ಥ. ನಾನೂ ಅದೇ ಮಣೆಯ ಮೇಲೆ ಕೂರುತ್ತಿದ್ದೆ. ನನ್ನ ಮುಂದೆ ಬೀದಿ ತುಂಬ ಜನ, ವೀರರು, ಮಾಂತ್ರಿಕರು, ಮೀನು ಮಾರುವವರು. ಅಷ್ಟು ಜನರಲ್ಲಿ ಅವಳಿಲ್ಲ, ಅವಳಿದ್ದಲ್ಲಿ ಇವರು ಯಾರೂ ಇಲ್ಲ. ಆ ಮಣೆಯಿಂದ ಏಳಲು ನನಗೆ ಮನಸ್ಸೇ ಬರುತ್ತಿರಲಿಲ್ಲ.

ದಿಂಬಿನ ಹಂತಕ್ಕೆ ಬಂದಾಗ ಕೇಂದ್ರದಿಂದ ಕರೆ ಬಂತು. ಅಲ್ಲಿಯ ಮುಖ್ಯಸ್ಥರು ಶ್ರೀಕಂಠಪ್ರಸಾದ್, ಮೈಸೂರು ಕಡೆಯವರು, ಪರದೆಯ ಮೇಲೆ ನನ್ನ ಹೊಲಿಗೆ ಇಟ್ಟುಕೊಂಡು ಕೂತಿದ್ದರು.

“ನಿಮ್ಮ ಕೈಯಲ್ಲಿ ಬೇಡದ ಚಲನೆ ಜಾಸ್ತಿ ಇದೆ ಚನ್ನವೀರ ಅವರೇ. ಒಂದೊಂದು ಸಾಲು ಮುಗಿದಾಗಲೂ ಅಂಗೈಯಲ್ಲಿ ಬಟ್ಟೇನ ತಟ್ಟುತೀರಿ. ಯಾಕೆ?”

ನನಗೇ ಗೊತ್ತಿರಲಿಲ್ಲ. ಮೂವತ್ತು ವರ್ಷ ರೊಟ್ಟಿ ಬಡಿದ ಕೈ, ಎದುರಿಗೆ ಏನಾದರೂ ಅಗಲವಾಗಿ ಹರಡಿದರೆ ತಟ್ಟಿಬಿಡುತ್ತದೆ. ಅದನ್ನು ತೆಗೆದು ಹೊಲಿಗೆಯಷ್ಟೇ ಉಳಿಸುವ ಉಪಾಯ ಅವರಲ್ಲಿತ್ತು. ತೆಗೆಯಿರಿ ಎಂದು ನಾನು ಹೇಳುವುದರೊಳಗೆ ತಸ್ನೀಮ್ ನಡುವೆ ಬಂದಳು.

“ಇರಲಿ ಬಿಡ್ರಿ ಸರ್. ಕೂಸು ಮಲಗಸೂಮುಂದ ಹಂಗ ತಟ್ತಾರ.”

ಶ್ರೀಕಂಠಪ್ರಸಾದರು ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಪರದೆ ಆರಿಸಿದರು. ತಟ್ಟಿದ್ದು ಹಾಗೇ ಉಳಿಯಿತು.

ಕೌದಿ ಮುಗಿದಾಗ ಸೂರ್ಯ ಅಡ್ಡ ಬರಲು ಒಂದೇ ದಿನ ಬಾಕಿ. ನಾಲ್ಕು ಬಣ್ಣದ ಬಟ್ಟೆ, ಅಂಚಿನಿಂದ ಒಳಗೆ ಸುತ್ತಿಕೊಂಡು ಬಂದ ಸಾಲುಗಳು. ನೆಟ್ಟಗಿದೆ ಎಂದು ಹೇಳಲಾರೆ, ಕೌದಿಯೆಂದು ಆಟವಂತೂ ಒಪ್ಪಿಕೊಂಡಿತು. ಒಂದು ಮೂಲೆ ಮಡಚಿ ಹೊಲಿದರೆ ಆಯಿತು. ಖುಷಿಗೆ ಗವಸು ಕಳಚಿ ಹೊರಗೆ ಬಂದು ಅತ್ತೆಗೆ ಹೇಳಿದೆ.

“ಹೊಟ್ಟಿಗೇನ್ ಹಾಕೀರಿ?” ಎಂದರು.

“ಏನ್ರಿ?”

“ಕೌದಿ ಹೊಟ್ಟಿಗ್ರಿ! ಉಪಾಸ ಇಟ್ಟು ಹೊಲಿತಾರೇನು? ತಾನ ಹಸದದ್ದು, ಹೊದ್ದವರಿಗೆ ನಿದ್ದಿ ಹೆಂಗ ಕೊಡ್ತದ?”

ನಮ್ಮ ಕಡೆ ಕೌದಿ ಹೊಲಿದು ಮುಗಿಸುವಾಗ ಕೊನೆಯ ಮೂಲೆಯಲ್ಲಿ ಒಂದು ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ಇಟ್ಟು ಹೊಲಿಯುತ್ತಾರೆ. ಬರಿಹೊಟ್ಟೆಯ ಕೌದಿ ಹೊದೆಯಬಾರದು. ಇದು ನನಗೆ ಹೇಗೆ ಮರೆತುಹೋಯಿತೋ! ಖಾನಾವಳಿಯವನೇ ಹೆಂಡತಿಗೆ ಹಸಿದ ಕೌದಿ ಕಳಿಸುತ್ತಿದ್ದೆನಲ್ಲ ಎಂದು ನಾಚಿಕೆಯಾಗಿ ಮತ್ತೆ ಗವಸು ತೊಟ್ಟು ಓಡಿದೆ. ಬಯಲೂರಿನ ಬಜಾರಿನಲ್ಲಿ ‘ಪಯಣಿಗರ ರೊಟ್ಟಿ’ ಎಂದೊಂದು ಸಿಗುತ್ತದೆ. ದಪ್ಪ, ಅಂಚು ಸೀಳು. ನಮ್ಮಲ್ಲಾಗಿದ್ದರೆ ಎಮ್ಮೆಗೆ ಹಾಕುತ್ತಿದ್ದೆ. ಬೇರೆ ದಾರಿಯಿಲ್ಲದೆ ಅದನ್ನೇ ಕೊಂಡು, ಒಂದು ಚೂರು ಮುರಿದು ಮೂಲೆಯಲ್ಲಿಟ್ಟೆ. ಈ ವಸ್ತು ಹೊದಿಕೆಯ ಸಾಮಾನುಗಳಲ್ಲಿಲ್ಲ, ಸೇರಿಸಲೇ ಎಂದು ಆಟ ಕೇಳಿತು. ಸೇರಿಸು ಎಂದೆ. ಮೂಲೆ ಹೊಲಿದು, ತಟ್ಟಿ, ನೀಲಾಳ ಮಂಚದ ಮೇಲೆ ಹಾಸಿದೆ. ತಸ್ನೀಮಳಿಗೆ ಇದನ್ನು ಹೇಳಬೇಕೆಂದು ನನಗೆ ಹೊಳೆಯಲೂ ಇಲ್ಲ; ಅನ್ನಕ್ಕೆ ನೀರಿಟ್ಟೆ ಎಂದು ಯಾರಾದರೂ ಫೋನು ಮಾಡಿ ಹೇಳುತ್ತಾರೆಯೇ?

ಮರುದಿನ ಪೊಟ್ಟಣ ಹೊರಟಿತು. ಅದು ತಲುಪಿದ ಗುರುತು ಬಂತು. ಅಷ್ಟರಲ್ಲಿ ಸೂರ್ಯ ನಡುವೆ ಬಂದ.

ಅದಾದ ಮೇಲೆ ಕೇಂದ್ರದವರು ನನ್ನನ್ನು ಕರೆಸಿದ ರೀತಿಯೇ ಬೇರೆ ಇತ್ತು. ಶ್ರೀಕಂಠಪ್ರಸಾದರ ಮುಖ ಕೆಂಪಾಗಿತ್ತು.

“ರೊಟ್ಟಿ ಹಾಕಿದ್ರಾ? ಹೊದಿಕೆ ಒಳಗೆ?”

“ಹೌದ್ರಿ.”

“ಯಾಕೆ?”

“ಹೊಟ್ಟಿ ಬರಿದಿರಬಾರದಂತ್ರಿ.”

“ಯಾರ ಹೊಟ್ಟೆ?”

“ಕೌದೀದ್ರಿ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣು ಉಜ್ಜಿಕೊಂಡರು. ತಸ್ನೀಮ್ ಗೋಡೆಗೆ ಒರಗಿ ನಿಂತಿದ್ದಳು. “ನಮ್ಮ ಅಜ್ಜೀನೂ ಹಾಕತಿದ್ಲು ಸರ್,” ಎಂದಳು ಸಣ್ಣ ದನಿಯಲ್ಲಿ. “ನನಗ ಮೊದಲ ಹೊಳಿಬೇಕಿತ್ತು.”

ಸಂಗತಿ ಇಷ್ಟು. ಬಯಲೂರಿನಲ್ಲಿ ತಿನ್ನುವ ವಸ್ತು ಹಳಸುತ್ತದೆ. ಹಳಸಿದ ಆಹಾರ ಇರುವ ಮನೆಗೆ ಇಲಿ ಬರುತ್ತದೆ. ಬಂದ ಇಲಿ ಆಹಾರ ತಿಂದು ಸುಮ್ಮನಿರುವುದಿಲ್ಲ, ಅದನ್ನು ಇಟ್ಟಿದ್ದ ಚೀಲವನ್ನೋ ಬಟ್ಟೆಯನ್ನೋ ಪೂರ್ತಿ ಮುಗಿಯುವ ತನಕ ಕಡಿಯುತ್ತದೆ. ಆಟ ಮಾಡಿದವರು ಬರೆದಿಟ್ಟ ನಿಯಮ ಅದು. ಇಲ್ಲಿಂದ ತಿದ್ದಲು ಎಳೆಯಿಲ್ಲ. ಸೂರ್ಯ ಸರಿಯುವ ಹೊತ್ತಿಗೆ ಅಲ್ಲಿ ಕೌದಿ ಇರುವುದಿಲ್ಲ, ಚಿಂದಿ ಇರುತ್ತದೆ.

“ಅವರು ಕೇಳಿದ್ದು ಅದೊಂದೇ ವಸ್ತು,” ಎಂದರು ಶ್ರೀಕಂಠಪ್ರಸಾದರು. ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ.

ಆ ದಿನಗಳನ್ನು ನಾನು ಹೇಗೆ ಕಳೆದೆನೋ. ರೊಟ್ಟಿ ಸೀದವು, ಗಿರಾಕಿಗಳು ಕೆಣಕುವುದನ್ನು ಬಿಟ್ಟರು. ಅತ್ತೆಗೆ ವಿಷಯ ಮುಚ್ಚಿಡಲಾಗಲಿಲ್ಲ, ಊಟದ ಮಾತು ಸಹಿತ ಎಲ್ಲ ಹೇಳಿದೆ. “ನನ್ನ ಬಾಯ್ಲೆ ಬಂತಲ್ರಿ ಆ ಮಾತು,” ಎಂದರು ಅವರು.

“ನೀವ್ ಹೇಳದಿದ್ರೂ ನನಗ ನೆನಪಾಗಿದ್ರ ನಾನ ಹಾಕ್ತಿದ್ದೆ,” ಎಂದೆ. ಸುಳ್ಳಲ್ಲ. ಹಸಿದದ್ದನ್ನು ಯಾರಿಗಾದರೂ ಕೊಡುವುದು ನನ್ನ ಕೈಯಿಂದ ಆಗುವ ಕೆಲಸವಲ್ಲ.

ನನ್ನ ಕಡೆಯ ಬಯಲೂರಿನಲ್ಲೂ ಇಲಿ ಬಂತು. ಬೂದುಬಣ್ಣದ್ದು, ನೋಡಲು ಮುದ್ದಾಗಿಯೇ ಇತ್ತು. ದಿನಾ ಹೋಗಿ ಅದನ್ನು ಓಡಿಸುತ್ತಿದ್ದೆ. ಮನೆ ನೀಲಾಳದ್ದಾದ್ದರಿಂದ ಕೊನೆಗೆ ಉಳಿಯುವುದು ಅವಳ ಕಡೆ ನಡೆದದ್ದು, ಇಲ್ಲಿ ನಾನು ಏನು ಮಾಡಿದರೂ ಅಳಿಸಿಹೋಗುತ್ತದೆ ಎಂದು ತಸ್ನೀಮ್ ತಿಳಿಸಿ ಹೇಳಿದ್ದಳು. ಇಲ್ಲಿಯ ಇಲಿಯನ್ನು ಓಡಿಸಿದರೆ ಅಲ್ಲಿಯದು ಓಡುವುದಿಲ್ಲ. ಗೊತ್ತಿದ್ದೂ ಓಡಿಸಿದೆ. ಮಣೆ ಕದಲದೆ ಇದ್ದಲ್ಲೇ ಇತ್ತು. ಅವಳು ಈಗ ಎಲ್ಲಿ ಕೂತಿದ್ದಾಳೆ, ಏನು ನೋಡುತ್ತಿದ್ದಾಳೆ, ಊಟದ ಡಬ್ಬಿಗಳು ಎಷ್ಟು ಉಳಿದಿವೆ, ಏನೂ ತಿಳಿಯುವಂತಿರಲಿಲ್ಲ. ಸಾಯುವವರ ಹತ್ತಿರ ಕೂರಲೂ ಒಂದು ಪುಣ್ಯ ಬೇಕು, ಅದೂ ನನಗಿಲ್ಲವೇನೋ ಎಂದು ಹೆದರಿದೆ. ಅವಳ ಕೈ ಒಂದು ಸಲ ಹಿಡಿದರೆ ಸಾಕು, ಮತ್ತೇನೂ ಬೇಡ ಎಂದು ಯಾರಿಗೆಂದು ಗೊತ್ತಿಲ್ಲದೆ ಬೇಡಿಕೊಂಡೆ.

ಸೂರ್ಯ ಸರಿದ ದಿನ ಮಧ್ಯಾಹ್ನ ಕೇಂದ್ರದಲ್ಲಿ ಎಲ್ಲರೂ ಸೇರಿದ್ದರು. ಎಳೆ ಮೊದಲು ಕೂದಲಿನಷ್ಟೇ ತೆರೆಯುತ್ತದೆ. ನೌಕೆಯ ದೊಡ್ಡ ವರದಿಗಳು, ವೈದ್ಯಯಂತ್ರದ ಲೆಕ್ಕಗಳು ಹಿಂದೆ ಸಾಲುಗಟ್ಟಿ ನಿಲ್ಲುತ್ತವೆ, ಸಣ್ಣ ಪೊಟ್ಟಣಗಳು ಮುಂಚೆ ನುಸುಳಿ ಬರುತ್ತವೆ. ಎಲ್ಲಕ್ಕಿಂತ ಮೊದಲು ಬಂದದ್ದು ಬಯಲೂರು.

“ನೀವು ನೋಡಿ,” ಎಂದು ಶ್ರೀಕಂಠಪ್ರಸಾದರು ತಾವೇ ಗವಸು ತಂದು ನನ್ನ ಕೈಗಿಟ್ಟರು. ನಾನು ನೋಡುವುದು ಅವರಿಗೂ ಕಾಣುವಂತೆ ದೊಡ್ಡ ಪರದೆ ಹಾಕಿದರು.

ಹೊಳೆಯ ದಂಡೆಯ ಮನೆಗೆ ಹೋದೆ. ಮಣೆ ಹೊಸ್ತಿಲಲ್ಲಿ ಇರಲಿಲ್ಲ, ಮಂಚದ ಪಕ್ಕದಲ್ಲಿತ್ತು. ಮಂಚದ ಮೇಲೆ ಕೌದಿ ಇತ್ತು. ಚಿಂದಿಯಲ್ಲ, ಕೌದಿ. ಮೂಲೆಯಲ್ಲಿ ಒಂದು ತೂತು, ಅದರ ಮೇಲೆ ಒಂದು ತೇಪೆ. ತೇಪೆಯ ಆಚೆ ಇನ್ನೊಂದು ತೂತು, ಇನ್ನೊಂದು ತೇಪೆ. ಇಲಿ ಕಡಿದ ಹಾಗೆಲ್ಲ ಅವಳು ಹಚ್ಚುತ್ತ ಹೋಗಿದ್ದಳು; ಹರಿದದ್ದಕ್ಕೆ ತೇಪೆ ಹಾಕಲು ಆಟ ಯಾವ ಕಸುಬನ್ನೂ ಕೇಳುವುದಿಲ್ಲ. ಬಟ್ಟೆಗೆಂದು ತನ್ನ ಬಯಲೂರಿನ ಅಂಗಿಯನ್ನೇ ಕತ್ತರಿಸಿದ್ದಳು.

“ಹೊಲಿಗೆ ಬರತಿತ್ತೇನ್ರಿ ನೀಲಕ್ಕಾರಿಗೆ?” ಎಂದು ಪಿಸುಗುಟ್ಟಿದಳು ತಸ್ನೀಮ್.

“ಇಲ್ಲ,” ಎಂದೆ. “ಗುಂಡಿ ಹಚ್ಚಾಕೂ ನನ್ನ ಕಡೆ ಕೊಡತಿದ್ಲು.”

ತೇಪೆಯ ಮೇಲೆ ಬೆರಳಿಟ್ಟೆ. ಅವಳ ಕೈ ತಾಗಿತು. ಎಷ್ಟು ವರ್ಷವಾಗಿತ್ತೋ! ಮೊದಲ ತೇಪೆಯ ಹೊಲಿಗೆ ಸಿಟ್ಟಿನದು. ದಾರ ಜಗ್ಗಿ ಜಗ್ಗಿ ಬಿಗಿದಿದ್ದಳು, ಬಟ್ಟೆ ಸುಕ್ಕಾಗುವಷ್ಟು. ಪಲ್ಯಕ್ಕೆ ಉಪ್ಪಿಲ್ಲವೆಂದು ಬಂದ ನೀಲಾ ಅವಳೇ. ಎರಡನೆಯದು ಅಷ್ಟು ಬಿಗಿಯಿಲ್ಲ. ಮುಂದಿನ ತೇಪೆಗಳಲ್ಲಿ ಸಾಲು ಮುಗಿದಾಗ ಒಂದು ಸಣ್ಣ ತಟ್ಟು. ನನ್ನ ಸಾಲುಗಳನ್ನು ಸವರಿ ಸವರಿ ಅದನ್ನೂ ಕಲಿತುಬಿಟ್ಟಿದ್ದಳು.

ಕೊನೆಯ ತೇಪೆ ಅರ್ಧ ಹೊಲಿದಿತ್ತು. ಬೆರಳು ಸಾಲಿನ ಮೇಲೆ ನಡೆಸಿದೆ. ಹೊಲಿಗೆಗಳು ಒಂದೇ ಸಮ ಬಂದವು, ಆಮೇಲೆ ಉದ್ದವಾದವು, ಆಮೇಲೆ ಸಾಲು ತುಸು ವಾಲಿತು. ದಾರ ಸಡಿಲಾಯಿತು. ಒಂದು ಹೊಲಿಗೆ, ಬಹಳ ತಡೆದು ಇನ್ನೊಂದು. ಮತ್ತೊಂದಕ್ಕೆ ಸೂಜಿ ಒಳಗೆ ಹೋಗಿತ್ತು, ಹೊರಗೆ ಬಂದಿರಲಿಲ್ಲ. ಅಲ್ಲೇ ನಿಂತಿತ್ತು. ಅದನ್ನು ಹಿಡಿದಿದ್ದ ಬೆರಳುಗಳ ಒತ್ತು ಇಷ್ಟಿಷ್ಟೇ ಕಡಿಮೆಯಾಗಿ ಇಲ್ಲವಾಗಿತ್ತು. ಇಲಿ ಮಂಚದ ಕೆಳಗೆ ಕೂತು ನನ್ನನ್ನೇ ನೋಡುತ್ತಿತ್ತು. ಆ ತೇಪೆಯ ಆಚೆ ಅದು ಕಡಿದ ಗುರುತು ಇರಲಿಲ್ಲ. ಮನೆಯವರು ಎಚ್ಚರವಿದ್ದರಷ್ಟೇ ಬಯಲೂರಿನ ಮನೆಯೊಳಗೆ ಕಾಲ ನಡೆಯುತ್ತದೆ ಎಂದು ತಸ್ನೀಮ್ ಆಮೇಲೆ ಹೇಳಿದಳು.

“ಏನಾಯ್ತು? ಮುಂದೆ?” ಎಂದರು ಶ್ರೀಕಂಠಪ್ರಸಾದರು.

“ಮುಂದ ಇಲ್ರಿ,” ಎಂದೆ. “ಮಲಗ್ಯಾಳ.”

ಸ್ವಲ್ಪ ಹೊತ್ತಿನ ಮೇಲೆ ವೈದ್ಯಯಂತ್ರದ ವರದಿಯ ಮೊದಲ ಸಾಲು ಬಂತು, ಅದೂ ಅದನ್ನೇ ಹೇಳಿತು. ನಿದ್ದೆ ತಾನಾಗಿ ಬಂದಿತ್ತು, ಆಳವಾಗಿ ಬಂದಿತ್ತು, ಯಂತ್ರ ಅದನ್ನು ಹಿಡಿದುಕೊಂಡಿತ್ತು. ಇನ್ನು ಶನಿ ಹತ್ತಿರವಾಗುವ ತನಕ ಅವಳು ಏಳುವುದಿಲ್ಲ. ಮಣೆ ಕದಲುವುದಿಲ್ಲ. ‘ಉಂಡ್ಯಾ’ ಎಂದು ಕೇಳಿದರೆ ಉತ್ತರ ತಡವಾಗಿ ಕೂಡ ಬರುವುದಿಲ್ಲ. ಅವಳು ಕಣ್ಣು ಬಿಡುವ ಹೊತ್ತಿಗೆ ನಾನು ಮುದುಕನಾಗಿರುತ್ತೇನೆ, ಅವಳು ಹೆಚ್ಚುಕಡಿಮೆ ಹೋದ ಹಾಗೇ ಇರುತ್ತಾಳೆ. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಹೊಲಿದಿದ್ದೆ. ಆದರೂ ಆ ಸೂಜಿಯ ಮೇಲೆ ಬೆರಳಿಟ್ಟುಕೊಂಡು ಕೂತಾಗ, ಇನ್ನೊಂದೇ ಒಂದು ಹೊಲಿಗೆ ಹಾಕಿ ಮಲಗಬಾರದಿತ್ತೇ ಅನಿಸಿತು.

ಹಿಂದುಗಡೆ ಕೋಣೆ ತುಂಬ ಕೇಕೆ ಎದ್ದಿತು. ಚಪ್ಪಾಳೆ, ಶಿಳ್ಳೆ, ಯಾರೋ ಮೇಜು ಗುದ್ದಿದರು. ತಸ್ನೀಮ್ ಅಳುತ್ತ ನಗುತ್ತ ಯಾರನ್ನೋ ತಬ್ಬಿಕೊಂಡಿದ್ದಳು. ನಾನು ಕೌದಿಯ ಮೇಲಿಂದ ಕೈ ತೆಗೆಯದೆ, ತಲೆ ಮಾತ್ರ ಹಿಂದಕ್ಕೆ ತಿರುಗಿಸಿದೆ.

“ಸಪ್ಪಳ ಮಾಡಬ್ಯಾಡ್ರಿ,” ಎಂದೆ. “ಈಗ ಮಲಗ್ಯಾಳ.”